ಪಿಕಪ್‌ಗೆ ಟ್ರೈಲರ್ ಕಟ್ಟುವವರಿಗೆ ಒಂದು ಡೀಸೆಲ್ ಲೆಕ್ಕ

ಕಾಪುವಿನ ಪರಿಚಿತರೊಬ್ಬರು ಶಾಮಿಯಾನ, ಕುರ್ಚಿ, ಜನರೇಟರ್ ಬಾಡಿಗೆಗೆ ಕೊಡುತ್ತಾರೆ. ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆಯವರೆಗೆ ಅವರ ಪಿಕಪ್‌ಗೆ ಬಿಡುವಿಲ್ಲ. ಪಿಕಪ್‌ನ ಹಿಂದೆ ಟ್ರೈಲರ್, ಟ್ರೈಲರ್‌ನ ಮೇಲೆ ಆಳೆತ್ತರದ ಕಬ್ಬಿಣದ ಪೈಪಿನ ಚೌಕಟ್ಟು, ಅದಕ್ಕೆ ಹೊದೆಸಿದ ನೀಲಿ ಟಾರ್ಪಾಲು. ಒಂದು ದಿನ ಬಂಕಿನಲ್ಲಿ ಸಿಕ್ಕಿದವರೇ, "ಮಾರಾಯರೇ, ಲೀಟರಿಗೆ ಹನ್ನೆರಡು ಕೊಡುತ್ತಿದ್ದ ಗಾಡಿ ಟ್ರೈಲರ್ ಕಟ್ಟಿದ ಕೂಡಲೇ ಏಳೂವರೆಗೆ ಇಳಿಯುತ್ತದೆ. ಎಂಜಿನ್ ಹೋಯಿತೋ ಏನೋ" ಎಂದರು. ತೂಕ ಹೆಚ್ಚಾಯಿತೆಂದು ಎಂಬತ್ತು ಪ್ಲಾಸ್ಟಿಕ್ ಕುರ್ಚಿ ಇಳಿಸಿ ನೋಡಿದ್ದರಂತೆ. ಒಂದಕ್ಕೆ ಎರಡೂವರೆ ಕಿಲೋ ಎಂದರೂ 200 ಕಿಲೋ ಕಡಿಮೆಯಾಗಿತ್ತು. ಮೈಲೇಜ್ ಮಾತ್ರ ಕದಲಿರಲಿಲ್ಲ. ಕೊನೆಗೆ ಪೈಪಿನ ಚೌಕಟ್ಟನ್ನು ಕ್ಯಾಬಿನ್ನಿನ ಎತ್ತರಕ್ಕೆ ಕತ್ತರಿಸಿಸಿ, ಟಾರ್ಪಾಲನ್ನು ಬಿಗಿದು ಕಟ್ಟಿ, ಅರುವತ್ತರ ವೇಗದಲ್ಲಿ ಓಡಿಸಿದಾಗ ಅದೇ ಗಾಡಿ ಅದೇ ಸಾಮಾನಿನೊಂದಿಗೆ ಹತ್ತು ದಾಟಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಈ ಬರಹದ ಮುಖ್ಯ ವಿಷಯ ಆ ಚೌಕಟ್ಟಿನದೇ. ಆದರೆ ಡೀಸೆಲ್ ಉಳಿಸುವ ಮೊದಲು ಟ್ರೈಲರ್ ನೆಟ್ಟಗೆ ಹಿಂಬಾಲಿಸಿ ಬರಬೇಕಲ್ಲ, ಅಲ್ಲಿಂದ ಆರಂಭಿಸುತ್ತೇನೆ.

ಮೊದಲು ಕಾಗದಪತ್ರ

ಟ್ರೈಲರ್ ಎಂದರೆ ಗಾಡಿಗೆ ಕಟ್ಟಿದ ಪೆಟ್ಟಿಗೆ ಎಂದು ತಿಳಿದವರು ನಮ್ಮಲ್ಲಿ ಬಹಳ. 1988ರ ಮೋಟಾರು ವಾಹನ ಕಾಯ್ದೆಯ ದೃಷ್ಟಿಯಲ್ಲಿ ಅದೂ ಒಂದು ವಾಹನ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು, ನಂಬರ್ ಪ್ಲೇಟು ಬೇಕು. ಹಳೆಯ ಜೀಪಿನ ಆಕ್ಸಲ್‌ಗೆ ಆಂಗಲ್ ಪಟ್ಟಿ ವೆಲ್ಡ್ ಮಾಡಿಸಿ ರಸ್ತೆಗೆ ಇಳಿಸುವ ಸಾಹಸ ಬೇಡ. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದೇ ಆ ಕಾಗದವನ್ನು. ಕೆಎ 19ರ ಮಂಗಳೂರಿನವರಾಗಲಿ, ಕೆಎ 20ರ ಉಡುಪಿಯವರಾಗಲಿ, ಟ್ರೈಲರ್ ಕಟ್ಟಿಸುವ ಮೊದಲೇ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿಬನ್ನಿ, ಕಟ್ಟಿಸಿದ ಮೇಲೆ ಅಲ್ಲ.

ಚಾಲನಾ ಪರವಾನಗಿಯ ವಿಷಯದಲ್ಲಿ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ಗೊಂದಲ ಬಗೆಹರಿಸಿತು. ಒಟ್ಟು ತೂಕ 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಪರವಾನಗಿ ಇದ್ದವರೇ ಓಡಿಸಬಹುದು ಎಂದಿತು. ಟ್ರೈಲರ್ ಕಟ್ಟಿದಾಗ ವಿಮೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು.

ಎಷ್ಟು ಎಳೆಯಬಹುದು ಎಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. ವಿದೇಶದ ವಿಡಿಯೊ ನೋಡಿ ಹುರುಪುಗೊಳ್ಳಬೇಡಿ. ಟೊಯೊಟಾ ಹೈಲಕ್ಸ್ ಯುರೋಪಿನಲ್ಲಿ 3,500 ಕಿಲೋ ಎಳೆಯುತ್ತದೆ ಎನ್ನುವುದು ನಿಜ, ಆದರೆ ಅದು ಸ್ವಂತ ಬ್ರೇಕ್ ಇರುವ ಟ್ರೈಲರ್‌ನ ಮಾತು. ಬ್ರೇಕ್ ಇಲ್ಲದ ಟ್ರೈಲರ್‌ಗೆ ಅಲ್ಲಿ 750 ಕಿಲೋ ಮಿತಿ. ನಮ್ಮ ಕಡೆ ನಾನು ಕಂಡ ಸಣ್ಣ ಟ್ರೈಲರ್‌ಗಳಲ್ಲಿ ಬ್ರೇಕ್ ಇದ್ದವು ಕಡಿಮೆ. ನನ್ನ ಕೈಯಲ್ಲಿದ್ದರೆ, ಬ್ರೇಕ್ ಇಲ್ಲದ್ದಕ್ಕೆ ಅರ್ಧ ಟನ್ನಿಗಿಂತ ಹೆಚ್ಚು ಹೇರಲು ಬಿಡುವುದಿಲ್ಲ.

ವೇ ಬ್ರಿಡ್ಜ್‌ನಲ್ಲಿ ಮೂರು ತೂಕ

ಕಣ್ಣಂದಾಜಿನ ತೂಕ ಯಾವಾಗಲೂ ಕಡಿಮೆಯೇ ಇರುತ್ತದೆ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಕಡೆ ಹೋದಾಗ ಯಾವುದಾದರೂ ವೇ ಬ್ರಿಡ್ಜ್‌ಗೆ ಗಾಡಿ ಹತ್ತಿಸಿ ಮೂರು ಚೀಟಿ ಮಾಡಿಸಿಕೊಳ್ಳಿ. ಒಂದು, ಸಾಮಾನು ತುಂಬಿದ ಪಿಕಪ್ ಮಾತ್ರ. ಎರಡು, ಕೊಕ್ಕೆಯಿಂದ ಬಿಡಿಸಿ ನಿಲ್ಲಿಸಿದ ಟ್ರೈಲರ್ ಮಾತ್ರ. ಮೂರು, ಟ್ರೈಲರ್ ಪಿಕಪ್‌ಗೆ ಕಟ್ಟಿಕೊಂಡೇ ಇದ್ದು ಅದರ ಚಕ್ರಗಳಷ್ಟೇ ತಟ್ಟೆಯ ಮೇಲೆ.

ನಮ್ಮ ಕಾಪುವಿನವರ ಚೀಟಿಗಳಲ್ಲಿ ಪಿಕಪ್ 2,300 ಕಿಲೋ ಇತ್ತು, ಟ್ರೈಲರ್ 1,200 ಕಿಲೋ. ಕಟ್ಟಿಕೊಂಡೇ ತೂಗಿದಾಗ ಟ್ರೈಲರ್‌ನ ಚಕ್ರದ ಮೇಲೆ 1,080 ಕಿಲೋ ಬಂತು. ಉಳಿದ 120 ಕಿಲೋ ಎಲ್ಲಿ ಹೋಯಿತು? ಪಿಕಪ್‌ನ ಕೊಕ್ಕೆಯ ಮೇಲೆ ಕುಳಿತಿದೆ. ಎತ್ತಿನ ಗಾಡಿ ಹೂಡಿದವರು ಇದನ್ನು ಮೂಕಿಯ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿದ ದಂಡದ, ಭಾರ ಎಂದು ಕೂಡಲೇ ಗುರುತಿಸಿಯಾರು. ಟ್ರೈಲರ್‌ನ ಒಟ್ಟು ತೂಕದ ಹತ್ತನೇ ಒಂದು ಭಾಗ ಮೂಕಿಯ ಮೇಲೆ ಬಿದ್ದರೆ ಹದ. ಆ 120 ಕಿಲೋ ಪಿಕಪ್ ಹೊರಬಹುದಾದ ಭಾರದ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಪೈಪು, ಬಿದಿರು ಗಾಡಿಯ ಅಂಚಿನಿಂದ ಹೊರಚಾಚಿದ್ದರೂ ದಂಡ 20,000 ರೂಪಾಯಿಯೇ. ಶಾಮಿಯಾನದ ಕಂಬ ಹೇರುವವರಿಗೆ ಇದು ಮುಖ್ಯ.

ಹೊರೆ ಜೋಡಿಸುವುದು

ಭಾರವಾದದ್ದು ಕೆಳಗೆ, ಟ್ರೈಲರ್‌ನ ಆಕ್ಸಲ್‌ನ ಮೇಲೆ ಮತ್ತು ಅದಕ್ಕಿಂತ ತುಸು ಮುಂದೆ. ಹಗುರವಾದದ್ದು ಹಿಂದೆ. ಜನರೇಟರ್ ಹೇರುವಾಗ ಎಂಜಿನ್ ಇರುವ ಬದಿ ಭಾರ, ಆ ಬದಿ ಮುಂದಕ್ಕೆ ಬರಲಿ. ಹಗ್ಗ ಬಿಗಿದು ಎರಡು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ಹೊರೆ ಕುಲುಕಿ ಕೂರುವುದು ಆ ಎರಡು ಕಿಲೋಮೀಟರಿನಲ್ಲೇ.

ಹಿಂಭಾರವಾದರೆ ಏನಾಗುತ್ತದೆ? ಎತ್ತಿನ ಗಾಡಿಯಲ್ಲಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಇಲ್ಲಿ ಪಿಕಪ್‌ನ ಹಿಂಚಕ್ರದ ಹಿಡಿತ ಸಡಿಲಾಗುತ್ತದೆ, ಅರುವತ್ತು ದಾಟಿದ ಮೇಲೆ ಟ್ರೈಲರ್ ಹಾವಿನ ಬಾಲದಂತೆ ಎಡಬಲ ಬೀಸಲು ತೊಡಗುತ್ತದೆ. ಒಮ್ಮೆ ಬೀಸಲು ತೊಡಗಿದರೆ ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದು. ಆ ಗಳಿಗೆಯಲ್ಲಿ ಗಾಬರಿಯಿಂದ ಬ್ರೇಕ್ ಒತ್ತುವುದು, ಸ್ಟೇರಿಂಗ್ ತಿರುಗಿಸಿ ಸರಿಪಡಿಸಲು ಹೋಗುವುದು ಎರಡೂ ತಪ್ಪು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೇರಿಂಗನ್ನು ನೇರ ಹಿಡಿಯಿರಿ, ಗಾಡಿ ತಾನಾಗಿ ನಿಧಾನವಾಗಲಿ. ವೇಗ ಇಳಿದಂತೆ ಬಾಲವೂ ಸುಮ್ಮನಾಗುತ್ತದೆ. ಆಮೇಲೆ ಬದಿಗೆ ನಿಲ್ಲಿಸಿ ಹೊರೆಯನ್ನು ಮುಂದಕ್ಕೆ ಸರಿಸಿ. ಸರಿಸದೆ ಮುಂದುವರಿದರೆ ಅದು ಮತ್ತೆ ಬೀಸಿಯೇ ಬೀಸುತ್ತದೆ. ನಾನು ಒಮ್ಮೆ ಪಡುಬಿದ್ರೆಯ ಬಳಿ ಇದನ್ನು ಅನುಭವಿಸಿದ್ದೇನೆ. ಕೈ ನಡುಕ ನಿಲ್ಲಲು ಎರಡು ಚಹಾ ಬೇಕಾಯಿತು.

ಕೊಕ್ಕೆ, ಸರಪಳಿ, ಚಕ್ರ

ಕಟ್ಟಿದ ಮೇಲೆ ಟ್ರೈಲರ್ ನೆಲಕ್ಕೆ ಸಮಾನಾಂತರವಾಗಿರಬೇಕು. ಮೂತಿ ತುಸು ತಗ್ಗಿದ್ದರೆ ಅಡ್ಡಿಯಿಲ್ಲ, ಎದ್ದಿರಬಾರದು. ಪಿನ್ನು ಹಾಕಿದರೆ ಅದಕ್ಕೆ ಲಾಕ್ ಹಾಕಿ, ತಂತಿ ಸುತ್ತಿ ಬಿಡಬೇಡಿ. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡವಾಗಿ ದಾಟಿಸಿ ಕಟ್ಟಿ. ಪಿನ್ನು ಕಳಚಿದರೂ ಮೂಕಿ ರಸ್ತೆಗೆ ಚುಚ್ಚದೆ ಆ ಕತ್ತರಿಯ ಮೇಲೆ ನಿಲ್ಲುತ್ತದೆ. ಬ್ರೇಕ್ ದೀಪ, ಇಂಡಿಕೇಟರ್ ಹತ್ತುತ್ತವೆಯೇ ಎಂದು ಹಿಂದೆ ಒಬ್ಬರನ್ನು ನಿಲ್ಲಿಸಿ ನೋಡಿ.

ಟ್ರೈಲರ್‌ನ ಟೈರು ಸವೆದು ಹಾಳಾಗುವುದಕ್ಕಿಂತ ಬಿಸಿಲಿಗೆ ನಿಂತು ಹಾಳಾಗುವುದೇ ಹೆಚ್ಚು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಬಿರುಕು ಬಿಟ್ಟ ಹಳೆಯ ಟೈರನ್ನು ಅದರ ಮೈಯ ಗೆರೆಗಳು ಇನ್ನೂ ಆಳವಾಗಿವೆ ಎಂಬ ಕಾರಣಕ್ಕೆ ಉಳಿಸಿಕೊಳ್ಳಬೇಡಿ. ಗಾಳಿಯನ್ನು ತಣ್ಣಗಿರುವಾಗ, ಟೈರು ಮತ್ತು ಕೈಪಿಡಿ ಹೇಳುವಷ್ಟು ತುಂಬಿಸಿ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಹಿಸುಕಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೂ ನಿಮ್ಮ ಡೀಸೆಲೇ ಬೆಲೆ ತೆರುವುದು.

ಮೈಲೇಜನ್ನು ಸರಿಯಾಗಿ ಅಳೆಯುವುದು

ಡ್ಯಾಶ್‌ಬೋರ್ಡಿನ ಅಂಕಿಯನ್ನು ನಂಬುವುದಕ್ಕಿಂತ ಟ್ಯಾಂಕಿನ ಲೆಕ್ಕ ಒಳ್ಳೆಯದು. ಒಂದೇ ಬಂಕ್, ಒಂದೇ ಪಂಪು, ನಳಿಗೆ ತಾನಾಗಿ ನಿಂತ ಕೂಡಲೇ ನಿಲ್ಲಿಸುವುದು. "ಇನ್ನು ಸ್ವಲ್ಪ ಹಾಕಿ, ರೌಂಡ್ ಮಾಡಿ" ಎಂದರೆ ಲೆಕ್ಕ ಕೆಟ್ಟಿತು. ಉಡುಪಿಯಿಂದ ಮಂಗಳೂರಿಗೆ ಹೋಗಿ ಬಂದರೆ ನೂರು ಕಿಲೋಮೀಟರ್ ದಾಟುತ್ತದೆ, ಅಷ್ಟು ಸಾಕು. ಮತ್ತೆ ಅದೇ ಪಂಪಿನಲ್ಲಿ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿ. ಮೊದಲು ಟ್ರೈಲರ್ ಇಲ್ಲದೆ, ಆಮೇಲೆ ಟ್ರೈಲರ್ ಕಟ್ಟಿ.

ಒಂದೇ ಸಲದ ಅಳತೆಗೆ ಮರುಳಾಗಬೇಡಿ. 2020ರ ಏಪ್ರಿಲ್ 1ರ ನಂತರದ ಬಿಎಸ್6 (ಹೊಗೆ ಮಿತಿಯ ಮಾನದಂಡ) ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಶೋಧಕ ಇರುತ್ತದೆ. ಅದು ತುಂಬಿದಾಗ ಹೆಚ್ಚುವರಿ ಡೀಸೆಲ್ ಸುಟ್ಟು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಆ ಕೆಲಸ ನಿಮ್ಮ ಅಳತೆಯ ದಿನವೇ ನಡೆದರೆ ಮೈಲೇಜ್ ಸುಮ್ಮನೆ ಕುಸಿದಂತೆ ಕಾಣುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಡೀಸೆಲ್ ಎಲ್ಲಿಗೆ ಹೋಗುತ್ತದೆ

ಇನ್ನು ಆ ಚೌಕಟ್ಟಿಗೆ ಬರೋಣ. "ಲೀಟರಿಗೆ ಇಷ್ಟು" ಎಂಬ ಲೆಕ್ಕವನ್ನು ಸ್ವಲ್ಪ ಹೊತ್ತು ಬದಿಗಿಟ್ಟು "ನೂರು ಕಿಲೋಮೀಟರಿಗೆ ಎಷ್ಟು ಲೀಟರ್" ಎಂದು ಯೋಚಿಸಿ. ಹಾಗೆ ಮಾಡಿದರೆ ಖರ್ಚುಗಳನ್ನು ಅಂಗಡಿಯ ಚೀಟಿಯಂತೆ ಒಂದರ ಕೆಳಗೊಂದು ಬರೆದು ಕೂಡಿಸಬಹುದು.

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಮೂರನೇ ಒಂದಂಶಕ್ಕಿಂತ ತುಸು ಕಡಿಮೆ, ಅಂದರೆ ಹನ್ನೊಂದು ಹನ್ನೆರಡು ಮೆಗಾಜೂಲನ್ನು ಚಕ್ರಕ್ಕೆ ತಲುಪಿಸುತ್ತದೆ ಎಂದು ಹಿಡಿಯಿರಿ. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಊರಿಗೆ ಶಾಖ ಕೊಡುತ್ತದೆ. ನಮ್ಮ ಊರಿಗೆ ಮೊದಲೇ ಅದರ ಕೊರತೆಯಿಲ್ಲ.

1,200 ಕಿಲೋ ಟ್ರೈಲರ್‌ನ ಚಕ್ರಗಳನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಉರುಳಿಸಲು ಬೇಕಾದ ಬಲ ಅದರ ತೂಕದ ನೂರನೇ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು. ನೂರು ಕಿಲೋಮೀಟರಿಗೆ ಅದರ ಖರ್ಚು ಒಂದೂಕಾಲು ಲೀಟರಿನಷ್ಟು. ವೇಗ ಅರುವತ್ತಿರಲಿ, ಎಂಬತ್ತಿರಲಿ, ಇದು ಹೆಚ್ಚು ಬದಲಾಗುವುದಿಲ್ಲ. ಎಂಬತ್ತು ಕುರ್ಚಿ ಇಳಿಸಿದ್ದರಿಂದ ಉಳಿದದ್ದು ನೂರು ಕಿಲೋಮೀಟರಿಗೆ ಒಂದು ಲೋಟದಷ್ಟು ಡೀಸೆಲ್. ಬಂಕಿನ ಮೀಟರಿನಲ್ಲಿ ಅದು ಕಾಣುವುದಾದರೂ ಹೇಗೆ?

ಗಾಳಿಯ ಕಥೆ ಬೇರೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅರುವತ್ತರಿಂದ ಎಂಬತ್ತಕ್ಕೆ ಹೋದರೆ ವೇಗ ಏರುವುದು ಮೂರನೇ ಒಂದರಷ್ಟು, ತಡೆ ಏರುವುದು ಮುಕ್ಕಾಲು ಪಾಲಿಗೂ ಮಿಕ್ಕಿ. ಕ್ಯಾಬಿನ್ನಿನ ಮೇಲೆ ಮತ್ತು ಬದಿಗಳಲ್ಲಿ ಚಾಚಿಕೊಂಡ ಆ ಟಾರ್ಪಾಲಿನ ಗೋಡೆ ಗಾಳಿಗೆ ಒಡ್ಡುವ ಮೈಯನ್ನು ಒಂದೂವರೆ ಚದರ ಮೀಟರ್ ಎಂದು ಇಟ್ಟುಕೊಂಡರೆ, ಎಂಬತ್ತರಲ್ಲಿ ನೂರು ಕಿಲೋಮೀಟರಿಗೆ ಸುಮಾರು ನಾಲ್ಕು ಲೀಟರ್ ಅದಕ್ಕೇ ಹೋಗುತ್ತದೆ. ಅರುವತ್ತರಲ್ಲಿ ಎರಡು ಲೀಟರಿಗೆ ಸ್ವಲ್ಪ ಮೇಲೆ.

ಈಗ ಚೀಟಿ ಕೂಡಿಸಿ. ಟ್ರೈಲರ್ ಇಲ್ಲದ ಪಿಕಪ್ ಎಂಬತ್ತರಲ್ಲಿ ಲೀಟರಿಗೆ 12 ಕೊಟ್ಟರೆ ನೂರಕ್ಕೆ 8.3 ಲೀಟರ್. ಅದಕ್ಕೆ ಉರುಳುವಿಕೆಯ 1.2, ಗಾಳಿಯ 3.9 ಸೇರಿಸಿದರೆ 13.4 ಲೀಟರ್, ಅಂದರೆ ಲೀಟರಿಗೆ ಏಳೂವರೆ ಕಿಲೋಮೀಟರ್. ಕಾಪುವಿನವರು ಬಂಕಿನಲ್ಲಿ ಹೇಳಿದ್ದು ಇದನ್ನೇ. ಅರುವತ್ತರಲ್ಲಿ ಟ್ರೈಲರ್ ಇಲ್ಲದ ಪಿಕಪ್ ಲೀಟರಿಗೆ 14 ಕೊಡುತ್ತದೆ ಎನ್ನಿ, ನೂರಕ್ಕೆ 7.1. ಅದಕ್ಕೆ 1.2 ಮತ್ತು 2.2 ಕೂಡಿಸಿದರೆ 10.5, ಲೀಟರಿಗೆ ಒಂಬತ್ತೂವರೆ. ಚೌಕಟ್ಟು ಕತ್ತರಿಸಿದ ಮೇಲೆ ಆ 2.2ರಲ್ಲೂ ಬಹುಪಾಲು ಹೋಯಿತು. ನಿಮ್ಮ ಗಾಡಿಯ ಅಂಕಿಗಳು ಬೇರೆ ಇದ್ದಾವು, ಆದರೆ ಕೂಡಿಸುವ ಕ್ರಮ ಇದೇ.

ಹಾಗಾದರೆ ಮಾಡಬೇಕಾದದ್ದೇನು? ಹೊರೆಯನ್ನು ಎತ್ತರಿಸುವ ಬದಲು ಉದ್ದಕ್ಕೆ ಹರಡಿ. ಆದಷ್ಟು ಕ್ಯಾಬಿನ್ನಿನ ನೆರಳಿನಲ್ಲಿ, ಅದಕ್ಕಿಂತ ಎತ್ತರವಾಗದಂತೆ ಇರಿಸಿ. ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿದ್ದರೆ ಅದು ಡೀಸೆಲ್ ಸುಡುವ ಸದ್ದು, ಇನ್ನೆರಡು ಹಗ್ಗ ಹಾಕಿ. ಪಿಕಪ್‌ನ ಹಿಂಭಾಗಕ್ಕೂ ಟ್ರೈಲರ್‌ಗೂ ನಡುವಿನ ಅಂತರ ತಿರುವಿಗೆ ಬೇಕಾದಷ್ಟೇ ಇರಲಿ. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತದೆ ಎಂದು ಕೆಲವು ಚಾಲಕರು ಹೇಳುತ್ತಾರೆ. ಗಾಳಿ ತಪ್ಪುವುದು ನಿಜ, ಲಾರಿ ಬ್ರೇಕ್ ಹಾಕಿದರೆ ತಪ್ಪಿಸಿಕೊಳ್ಳಲು ಜಾಗ ಇಲ್ಲದಿರುವುದೂ ನಿಜ.

ಹೆದ್ದಾರಿಯಲ್ಲಿ

ಕಾಪುವಿನಿಂದ ಮಂಗಳೂರಿಗೆ ಸುಮಾರು 40 ಕಿಲೋಮೀಟರ್. ಎಂಬತ್ತರ ಬದಲು ಅರುವತ್ತರಲ್ಲಿ ಹೋದರೆ ಲೆಕ್ಕಕ್ಕೆ ಹತ್ತು ನಿಮಿಷ ತಡ. ಉಳಿಯುವ ಡೀಸೆಲ್ ಒಂದು ಲೀಟರಿಗೆ ಮೇಲೆ. ಲೀಟರಿಗೆ 90 ರೂಪಾಯಿ ಎಂದು ಇಟ್ಟುಕೊಂಡರೆ ನೂರು ರೂಪಾಯಿ. ಹೆಜಮಾಡಿಯ ಟೋಲ್, ಕೂಳೂರಿನ ಸೇತುವೆ, ನಂತೂರಿನ ವೃತ್ತ ಇವುಗಳಲ್ಲಿ ಎಲ್ಲರೂ ಒಟ್ಟಿಗೇ ನಿಲ್ಲುವುದರಿಂದ ಆ ಹತ್ತು ನಿಮಿಷವೂ ನಿಜವಾಗಿ ಉಳಿಯುವುದು ಅಪರೂಪ.

ಹೊರಡುವ ಹೊತ್ತೂ ಮುಖ್ಯ. ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ಸಮಾನಾಂತರವಾಗಿ ಉತ್ತರ-ದಕ್ಷಿಣವಾಗಿ ಸಾಗುತ್ತದೆ. ಮಧ್ಯಾಹ್ನದ ಮೇಲೆ ನೆಲ ಕಾದು ಕಡಲಿನಿಂದ ಗಾಳಿ ಬೀಸತೊಡಗಿದರೆ ಅದು ನಿಮ್ಮ ಟ್ರೈಲರ್‌ನ ಬದಿಗೇ ಬಡಿಯುತ್ತದೆ. ಹೋಗುವಾಗಲೂ ಅಡ್ಡಗಾಳಿ, ಬರುವಾಗಲೂ ಅಡ್ಡಗಾಳಿ. ಮೂಲ್ಕಿಯ, ಉದ್ಯಾವರದ ಸೇತುವೆಗಳ ಮೇಲೆ ಇದು ಸ್ಟೇರಿಂಗಿನಲ್ಲೇ ತಿಳಿಯುತ್ತದೆ. ಮರವಂತೆಯಲ್ಲಂತೂ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ಗಾಳಿಗೆ ಅಡ್ಡ ಬರುವ ಒಂದು ಗೋಡೆಯೂ ಇಲ್ಲ. ಎತ್ತರದ ಹೊರೆ ಇದ್ದರೆ ಬೆಳಗ್ಗೆ ಎಂಟರೊಳಗೆ ಆ ಕಡೆ ದಾಟಿಬಿಡಿ.

ಎದುರಿನ ಗಾಡಿಯಿಂದ ಎಂದಿಗಿಂತ ದುಪ್ಪಟ್ಟು ಅಂತರ ಇಡಿ. ಮುಂದೆ ನಿಲ್ಲಬೇಕೆಂದು ಕಂಡರೆ ಬೇಗನೆ ಆಕ್ಸಿಲರೇಟರ್ ಬಿಡಿ. ಬ್ರೇಕಿನಲ್ಲಿ ಕಳೆದ ವೇಗವೆಲ್ಲ ಮತ್ತೆ ಡೀಸೆಲ್ ಕೊಟ್ಟು ಕೊಳ್ಳಬೇಕಾದದ್ದು. ಟಾಪ್ ಗೇರಿನಲ್ಲಿ ಗಾಡಿ ಗೊರಗುಟ್ಟಿದರೆ ಮೊಂಡುತನ ಮಾಡದೆ ಒಂದು ಗೇರ್ ಇಳಿಸಿ. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಟ್ರೈಲರ್‌ನ ಎರಡೂ ಚಕ್ರದ ಹಬ್ಬಿನ (ಚಕ್ರದ ನಡುಗುಂಬದ) ಬಳಿಗೆ ಅಂಗೈಯ ಹಿಂಬದಿಯನ್ನು ಮೆಲ್ಲಗೆ ಹಿಡಿದು ನೋಡಿ. ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಕಚ್ಚಿಕೊಂಡಿದೆ.

ಹಳ್ಳಿಯ ಒಳದಾರಿಯಲ್ಲಿ ಎರಡೂ ಕಡೆ ಕೆಂಪು ಕಲ್ಲಿನ ಪಾಗಾರ, ಮುಂದೆ ಮದುವೆಮನೆ, ತಿರುಗಿಸಲು ಅಂಗಳವಿಲ್ಲ. ರಿವರ್ಸ್ ಬರಲೇಬೇಕು. ಸ್ಟೇರಿಂಗಿನ ಕೆಳತುದಿಯನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಆ ಕೈ ಯಾವ ಕಡೆ ಸರಿಯುತ್ತದೋ ಟ್ರೈಲರ್‌ನ ಹಿಂಭಾಗ ಅದೇ ಕಡೆ ಸರಿಯುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಟ್ರೈಲರ್ ಮಡಚಿಕೊಂಡಂತೆ ಕಂಡರೆ ಮುಂದೆ ಹೋಗಿ ನೇರ ಮಾಡಿಕೊಳ್ಳಿ. ಖಾಲಿ ಮೈದಾನದಲ್ಲಿ ಒಂದು ಭಾನುವಾರ ಅಭ್ಯಾಸ ಮಾಡಿದರೆ ಯಾರ ಪಾಗಾರವೂ ಬೀಳುವುದಿಲ್ಲ.

ಘಾಟಿ ಹತ್ತುವುದಾದರೆ

ತೂಕದ ಮಾತು ಬರುವುದು ಇಲ್ಲಿ. ಶಿರಾಡಿಯಲ್ಲಿ ಸಕಲೇಶಪುರದ ಕಡೆ ಏರುವಾಗ 800 ಮೀಟರ್ ಎತ್ತರಕ್ಕೆ 3,500 ಕಿಲೋ ಎತ್ತಲು, ಉರುಳುವಿಕೆ ಮತ್ತು ಗಾಳಿಯ ಖರ್ಚು ಬಿಟ್ಟು, ಎರಡೂಕಾಲು ಎರಡೂವರೆ ಲೀಟರ್ ಡೀಸೆಲ್ ಬೇಕು. ಅದರಲ್ಲಿ ಟ್ರೈಲರ್‌ನ ಪಾಲು ಒಂದು ಲೀಟರಿಗೆ ಕಡಿಮೆ. ಏರುವ ಖರ್ಚಿಗಿಂತ ಇಳಿಯುವ ಅಪಾಯ ನನಗೆ ಹೆಚ್ಚು ಚಿಂತೆಯದು. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುವ ಶಕ್ತಿಯೆಲ್ಲ ಶಾಖವಾದರೆ 90 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಮದುವೆಯಡುಗೆಯ ಒಂದು ದೊಡ್ಡ ಹಂಡೆಯ ನೀರು. ಅದನ್ನೆಲ್ಲ ನಿಮ್ಮ ಬ್ರೇಕ್ ಪ್ಯಾಡಿಗೆ ಕುಡಿಸಬೇಡಿ. ಹತ್ತಲು ಯಾವ ಗೇರ್ ಬೇಕಾಯಿತೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ ತಡೆಯಲಿ. ಬ್ರೇಕನ್ನು ಒತ್ತಿ ಹಿಡಿಯದೆ ಒತ್ತಿ ಬಿಡಿ. ಏರುವಾಗ ಬಿಸಿಯ ಮುಳ್ಳು ಮೇಲೆ ಹೋದರೆ ಎಸಿ ಆರಿಸಿ.

ಆಗುಂಬೆಯ 14 ಹಿಮ್ಮುರಿ ತಿರುವುಗಳಿಗೆ ಟ್ರೈಲರ್ ತೆಗೆದುಕೊಂಡು ಹೋಗಬೇಡಿ. ಅಲ್ಲಿ ಪಿಕಪ್ ತಿರುಗಿದರೂ ಟ್ರೈಲರ್‌ನ ಒಳಚಕ್ರ ಚರಂಡಿ ಹುಡುಕುತ್ತದೆ. ಮಳೆಗಾಲದಲ್ಲಾದರೆ ಯಾವ ಘಾಟಿ ತೆರೆದಿದೆ ಎಂದು ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಿ.

ದೋಣಿ ಎಳೆಯುವವರಿಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಸಣ್ಣ ಫೈಬರ್ ದೋಣಿಗಳನ್ನು ದುರಸ್ತಿಗೆ ಸಾಗಿಸುವ ಕೆಲಸ ಸಿಗುತ್ತದೆ. ದೂರದಿಂದ ಬಂದ ಟ್ರೈಲರ್‌ನ ಹಬ್ಬು ಬಿಸಿಯಿರುತ್ತದೆ. ಬಂದ ಬಿಸಿಯಲ್ಲೇ ಉಪ್ಪುನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹಬ್ಬು ನೀರನ್ನು ಒಳಗೆಳೆದುಕೊಳ್ಳುತ್ತದೆ. ಒಂದು ಬೀಡಾ ಹಾಕಿ ಮುಗಿಸುವಷ್ಟು ಹೊತ್ತು ಕಾಯಿರಿ. ದೀಪದ ಪ್ಲಗ್ ಕಳಚಿ ಇಳಿಸಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಬೇರಿಂಗಿಗೆ ಗ್ರೀಸ್ ತುಂಬಿ.

ಬಾಡಿಗೆ ಹೇಳುವಾಗ

ಮಂಗಳೂರಿನಲ್ಲಿ ಸಾಮಾನು ಇಳಿಸಿದ ಮೇಲೆ ಗಿರಾಕಿಗಳು ಹೇಳುವ ಒಂದು ಮಾತಿದೆ: "ಬರುವಾಗ ಖಾಲಿ ತಾನೇ ಅಣ್ಣ, ವಾಪಸಿನ ಡೀಸೆಲ್ ಎಂಥದ್ದಕ್ಕೆ?" ಕಾಪುವಿನವರು ಮೊದಲು ಈ ಮಾತಿಗೆ ಸೋತು ಇನ್ನೂರು ಮುನ್ನೂರು ರೂಪಾಯಿ ಬಿಟ್ಟುಬಿಡುತ್ತಿದ್ದರು. ಈಗ ಜೇಬಿನಿಂದ ಚೀಟಿ ತೆಗೆಯುತ್ತಾರೆ. ಖಾಲಿ ಟ್ರೈಲರ್ 400 ಕಿಲೋ, ಇಳಿಸಿದ್ದು 800 ಕಿಲೋ. ಅಷ್ಟು ತೂಕ ಇಲ್ಲದ್ದರಿಂದ 40 ಕಿಲೋಮೀಟರಿನಲ್ಲಿ ಉಳಿಯುವುದು ಲೀಟರಿನ ಮೂರನೇ ಒಂದು ಪಾಲು. ಪಿಕಪ್ ಅದೇ, ಗಾಳಿಯೂ ಅದೇ. "ಖಾಲಿಯ ಲೆಕ್ಕದಲ್ಲಿ ಮೂವತ್ತು ರೂಪಾಯಿ ಬಿಟ್ಟಿದ್ದೇನೆ ನೋಡಿ" ಎಂದು ಮೂರು ಹತ್ತರ ನೋಟನ್ನು ಅವರ ಕೈಗೇ ಇಡುತ್ತಾರೆ.